ಲಾರಿ ಹತ್ತಿದ್ದು, ಸಂತೆಗಿಳಿದದ್ದು

ಡಿಸೆಂಬರ್ ಬರುತ್ತಿದ್ದಂತೆ ಬಳ್ಳಾರಿ–ಸಿರುಗುಪ್ಪ ರಸ್ತೆಯ ಮೇಲೆ ಓಡಾಡುವ ಗಾಡಿಗಳೇ ಬೇರೆಯಾಗುತ್ತವೆ. ಭತ್ತ ತುಂಬಿದ ಟ್ರ್ಯಾಕ್ಟರು, ಕಟಾವು ಯಂತ್ರ ಹೊತ್ತ ಲಾರಿ, ಹುಲ್ಲಿನ ಹೊರೆಯಿಂದ ಅರ್ಧ ರಸ್ತೆ ನುಂಗಿದ ಟ್ರೇಲರು, ಬಾಯಿ ಹೊಲಿದ ಹತ್ತಿ ಚೀಲ, ಘಾಟಿನಿಂದಲೇ ಗುರುತು ಸಿಗುವ ಮೆಣಸಿನಕಾಯಿ ಚೀಲ. ತೆಕ್ಕಲಕೋಟೆ ಈ ದಾರಿಯ ಮೇಲೆಯೇ ಇದೆ. ಸುತ್ತಲಿನ ಹೊಲಗದ್ದೆಗಳಲ್ಲಿ ಬೆಳೆದದ್ದರಲ್ಲಿ ದುಡ್ಡಿನ ಮಾಲೆಲ್ಲ ಹೀಗೆ ಊರ ನಡುವಿನಿಂದಲೇ ಹಾದು, ನಿಲ್ಲದೆ ಮುಂದೆ ಹೋಗುತ್ತದೆ. ಭತ್ತ ಸಿರುಗುಪ್ಪದ ರೈಸ್‌ಮಿಲ್ಲುಗಳಿಗೆ, ಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಗೆ, ಹತ್ತಿ ಗಡಿಯಾಚೆಯ ಆದೋನಿಗೆ.

ಸಂತೆಗೆ ಬರುವುದು ಇವು ಯಾವುವೂ ಅಲ್ಲ.

ಬದುವಿನ ಮೇಲೆ ಬೆಳೆದದ್ದು, ಮನೆಗೆಂದು ಬಿತ್ತಿ ನಾಲ್ಕು ಸೇರು ಹೆಚ್ಚಾದದ್ದು, ಗುಡ್ಡದ ಓರೆಯಲ್ಲಿ ಯಾರೂ ನೆಡದೆ ಹಣ್ಣಾದದ್ದು, ಕಾಲುವೆ ನೀರು ಹತ್ತದ ಎರೆಹೊಲದಲ್ಲಿ ಹಿಂಗಾರು ಮಳೆಗೆ, ಇಬ್ಬನಿಗೆ ಬಂದದ್ದು ಸಂತೆಗೆ ಬರುತ್ತದೆ. ವರ್ಷದ ಉಳಿದ ಕಾಲದಲ್ಲಿ ಎಲ್ಲ ಊರಿನ ಸಂತೆಯೂ ಹೆಚ್ಚುಕಡಿಮೆ ಒಂದೇ ಥರ: ಹೊರಗಿನಿಂದ ಬಂದ ಟೊಮೆಟೊ, ಆಲೂಗಡ್ಡೆ, ಎಲೆಕೋಸು. ಗೌರಿ ಹುಣ್ಣಿಮೆಯಿಂದ ಸಂಕ್ರಾಂತಿವರೆಗಿನ ಎರಡು ತಿಂಗಳಲ್ಲಿ ಮಾತ್ರ ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡಿನ ಸಂತೆಗಳಲ್ಲಿ ಆ ನೆಲದ್ದೇ ಆದ ಮಾಲು ಮುಂದಿನ ಸಾಲಿಗೆ ಬಂದು ಕೂರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಸುಡುವ ಈ ಸೀಮೆಯಲ್ಲಿ ನಡುಮಧ್ಯಾಹ್ನವೂ ಕೊಡೆಯಿಲ್ಲದೆ ಬೀದಿ ಸುತ್ತಬಹುದಾದ ಕಾಲ ಕೂಡ ಇದೊಂದೇ.

ಗುಂಪಿ, ಸೇರು, ಕೊಸರು

ಮೊದಲು ಬರುವವರು ಸೊಪ್ಪಿನವರು. ಇಬ್ಬನಿ ಆರಿದರೆ ಸೊಪ್ಪು ಬಾಡುತ್ತದೆಂಬ ಅವಸರ ಅವರದು. ಪುಂಡಿಪಲ್ಯ, ಮೆಂತ್ಯೆ, ಹಕ್ಕರಕಿ, ಎಳೆ ಮೂಲಂಗಿ ಒದ್ದೆ ಗೋಣಿಚೀಲದ ಮೇಲೆ ಹರಡಿಕೊಳ್ಳುತ್ತವೆ. ಆಮೇಲೆ ಟಂಟಂಗಳು ಒಂದೊಂದಾಗಿ ಬಂದು ಹಿಂಬಾಗಿಲು ತೆರೆಯುತ್ತವೆ. ತಾಡಪಾಲಿಗೆ ನಾಲ್ಕು ಕಡೆ ಕಲ್ಲು ಹೇರಿ, ಬಿಸಿಲು ಯಾವ ಕಡೆಯಿಂದ ಏರುತ್ತದೆಂದು ನೋಡಿಕೊಂಡು ಅಂಗಡಿ ಹೂಡುವುದರಲ್ಲಿ ಒಂಬತ್ತು ಗಂಟೆ. ಯಾವ ಜಾಗ ಯಾರದೆಂದು ಬರೆದಿಟ್ಟ ಪುಸ್ತಕವಿಲ್ಲ. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಸೊಸೆ ಕೂರುತ್ತಾಳೆ, ಅಷ್ಟೆ.

ಸೊಪ್ಪು, ಬದನೆಕಾಯಿ, ಹಸಿಮೆಣಸಿನಕಾಯಿಗೆ ತಕ್ಕಡಿ ಬೇಡ, ಗುಂಪಿಯ ಲೆಕ್ಕ. ಕಾಳಿಗೆ ಈಗಲೂ ಹಲವು ಕಡೆ ಸೇರು, ಪಾವು. ಕಿಲೋ ಲೆಕ್ಕದ ಎಲೆಕ್ಟ್ರಾನಿಕ್ ತಕ್ಕಡಿ ಹೊರಗಿನ ತರಕಾರಿ ತರುವ ವ್ಯಾಪಾರಿಯ ಮುಂದಿದ್ದರೆ, ಸ್ವಂತ ಹೊಲದ್ದು ತಂದವರ ಮುಂದೆ ಅಂಚು ನಗ್ಗಿದ ಸೇರಿನ ಪಾತ್ರೆ. ಸೇರು ತುಂಬಿ ಮೇಲೆ ಗೋಪುರ ಕಟ್ಟುವಷ್ಟು ಸುರಿಯುವುದು ಹಳೆಯ ಮರ್ಯಾದೆ. ಅದರ ಮೇಲೊಂದು ಹಿಡಿ ಕೊಸರು. ಕೊಸರಿಗಾಗಿ ನಡೆಯುವ ಮಾತು ಬೆಲೆಗಾಗಿ ನಡೆಯುವುದಕ್ಕಿಂತ ಉದ್ದ.

"ಎಷ್ಟಕ್ಕೊಂದು ಗುಂಪಿ, ಯಕ್ಕಾ?"

"ಇಪ್ಪತ್ತು ನೋಡವ್ವ. ಬೋಣಿ ಹೊತ್ತು, ಚೌಕಾಸಿ ಮಾಡಬ್ಯಾಡ."

"ಹದಿನೈದು ಮಾಡಬೇ."

"ಇಪ್ಪತ್ತೇ ಕೊಡು. ಕೊತ್ತಂಬ್ರಿ ಮ್ಯಾಲೆ ಹಾಕ್ತೀನಿ."

ಎರಡು ಅಂಗಡಿ ದಾಟಿದರೆ ಇದೇ ಮಾತು ತೆಲುಗಿನಲ್ಲಿ ನಡೆಯುತ್ತಿರುತ್ತದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಸಿರುಗುಪ್ಪ, ಬಳ್ಳಾರಿ ಇತ್ತ ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಆಡಳಿತದ ಗೆರೆ ಬಿದ್ದರೂ ಬೀಗತನ, ಬಾಕಿ, ಉದ್ರಿ ಮೂರೂ ಗೆರೆಯ ಎರಡೂ ಕಡೆ ಉಳಿದವು. ಕೊಳ್ಳುವವರ ಮುಖ ನೋಡಿ ಭಾಷೆ ಬದಲಿಸುವುದನ್ನು ಇಲ್ಲಿನ ಸೊಪ್ಪಿನಕ್ಕಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

ಚಳಿಗಾಲದ ವಿಶೇಷಗಳು ಒಂದರ ಹಿಂದೆ ಒಂದು ಬರುತ್ತವೆ. ನವೆಂಬರಿನಲ್ಲಿ ಗುಡ್ಡದ ಸೀತಾಫಲದ ಕೊನೆಯ ಬುಟ್ಟಿಗಳು. ಡಿಸೆಂಬರಿನಲ್ಲಿ ಪೇರಲ, ಬಾರಿಹಣ್ಣು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಗಿಡದ ಸಮೇತ ಕಿತ್ತು ತಂದ ಹಸಿಕಡ್ಲೆ. ಕಟ್ಟು ಕೈಗೆ ಬಂದೊಡನೆ ಮಕ್ಕಳು ಅಲ್ಲೇ ಸುಲಿದು ತಿನ್ನತೊಡಗುತ್ತಾರೆ, ಮನೆ ಮುಟ್ಟುವಾಗ ಬರೀ ಗಿಡ. ಕಡ್ಲೆ ಸೊಪ್ಪಿನ ಹುಳಿ ಬೆರಳಿಗೂ ತುಟಿಗೂ ಅಂಟಿಕೊಳ್ಳುತ್ತದೆ. ಜನವರಿಯಲ್ಲಿ ಬಿಳಿಜೋಳದ ತೆನೆ ಹಾಲು ತುಂಬಿದಾಗ ಸೀತನಿ. ಕೆಂಡದಲ್ಲಿ ಸುಟ್ಟ ತೆನೆಯನ್ನು ಬಿಸಿಯಿದ್ದಾಗಲೇ ಉಜ್ಜಿ ಉದುರಿಸಿದ ಹಸಿರು ಕಾಳಿಗೆ ಶೇಂಗಾ ಚಟ್ನಿಪುಡಿಯೋ ಬೆಲ್ಲವೋ ಜೊತೆ. ನಾಲ್ಕು ದಿನ ತಡವಾದರೆ ಕಾಳು ಗಟ್ಟಿಯಾಗಿ ಸೀತನಿ ಹೋಗಿ ಜೋಳವಾಗುತ್ತದೆ. ಇದನ್ನು ಲಾರಿಗೆ ಹಾಕಿ ಕಳಿಸುವಂತಿಲ್ಲ, ಗೋದಾಮಿನಲ್ಲಿಡುವಂತಿಲ್ಲ. ತಿನ್ನಬೇಕೆಂದರೆ ಹೊಲಕ್ಕೆ ಹೋಗಬೇಕು, ಇಲ್ಲವೇ ಆ ವಾರ ಸಂತೆಗೆ ಬರಬೇಕು.

ಕಾಳಿನ ಸಾಲಿನಲ್ಲಿ ಸಜ್ಜೆ, ಬಿಳಿ ಎಳ್ಳು, ಕರಿಎಳ್ಳು, ಗುರೆಳ್ಳು, ಅಲಸಂದಿ, ಹೆಸರು. ಸಂಕ್ರಾಂತಿಯ ಮುನ್ನಾದಿನದ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಆಗಲೇಬೇಕಾದ್ದರಿಂದ ವರ್ಷವಿಡೀ ಅನ್ನ ಉಣ್ಣುವ ಮನೆಯವರೂ ಆ ವಾರ ಸಜ್ಜೆ ಕೇಳಿಕೊಂಡು ಬರುತ್ತಾರೆ. ಬಡಿಯುವ ಕೈ ತಪ್ಪಿಹೋದವರಿಗಾಗಿ ಖಡಕ್ ರೊಟ್ಟಿ ಅಂಗಡಿಗಳು ಹುಟ್ಟಿಕೊಂಡಿವೆ. ಹತ್ತು ಹತ್ತು ರೊಟ್ಟಿಗಳ ಪ್ಲಾಸ್ಟಿಕ್ ಕಟ್ಟುಗಳು ಈಗ ಬಳ್ಳಾರಿಯ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕದಲ್ಲೇ ನಿಂತಿರುತ್ತವೆ.

ಹೊಸ ಹುರುಳಿ ಬರುವುದೂ ಇದೇ ತಿಂಗಳುಗಳಲ್ಲಿ. ಅದನ್ನು ಯಾರೂ ಮುಂದಿನ ಸಾಲಿನಲ್ಲಿ ಇಡುವುದಿಲ್ಲ. ಎತ್ತಿಗೆ ಬೇಯಿಸಿ ಹಾಕುವವರು, ಹುರುಳಿ ಕಟ್ಟಿನ ಸಾರು ಬಲ್ಲವರು, ಬಾಣಂತಿ ಇರುವ ಮನೆಯವರು ಕೇಳಿ ಒಯ್ಯುತ್ತಾರೆ. ಸಂತೆಯ ಅತಿ ಹಳೆಯ ಗಿರಾಕಿಗಳ ಮಾಲು ಅದೇ ಎಂಬುದಕ್ಕೆ ಸಾಕ್ಷಿ ಊರಿನ ಗುಡ್ಡದ ಮೇಲಿದೆ.

ಗುಡ್ಡದ ಮೇಲಿನ ಕಾಳು

ತೆಕ್ಕಲಕೋಟೆಯ ಹೆಸರು ಭಾರತದ ಪ್ರಾಗಿತಿಹಾಸದ ಪಠ್ಯಗಳಲ್ಲಿ ಬರುವುದು ಇಲ್ಲಿನ ಕಲ್ಲುಗುಡ್ಡಗಳಿಂದ. 1963–64 ಮತ್ತು 1964–65ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ ಅವರ ಜೊತೆ ಸೇರಿ ಬರೆದ 'ದಿ ಸ್ಟೋನ್ ಏಜ್ ಹಿಲ್ ಡ್ವೆಲ್ಲರ್ಸ್ ಆಫ್ ತೆಕ್ಕಲಕೋಟ' 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ನಾಗರಾಜರಾವ್ ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು. ಬಂಡೆಗಳ ನಡುವಿನ ಸಮತಟ್ಟಿನಲ್ಲಿ ದುಂಡು ಗುಡಿಸಲು ಕಟ್ಟಿ, ಕಲ್ಲಿನ ಕೊಡಲಿ ಉಜ್ಜಿ, ದನ ಸಾಕಿ ಬದುಕಿದ ಜನರ ಕುರುಹುಗಳು ಅಲ್ಲಿ ಸಿಕ್ಕವು. ತಾಮ್ರವೂ, ತುಸು ಚಿನ್ನದ ಒಡವೆಯೂ ಸಿಕ್ಕವು. ಸುಮಾರು ಮೂರೂವರೆಯಿಂದ ನಾಲ್ಕು ಸಾವಿರ ವರ್ಷ ಹಿಂದಿನ ಮಾತು.

ಸುಟ್ಟು ಕರಿಕಾಗಿ ಉಳಿದ ಕಾಳುಗಳಲ್ಲಿ ಹುರುಳಿ ಇತ್ತು. ಮುಂದೆ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಹೀಗೆ ಈ ಭಾಗದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೂಕ್ಷ್ಮವಾಗಿ ಜರಡಿ ಹಿಡಿದಾಗ ಚಿತ್ರ ಇನ್ನಷ್ಟು ತಿಳಿಯಾಯಿತು. ಆ ಜನರ ಮುಖ್ಯ ಆಹಾರ ಹುರುಳಿ, ಹೆಸರು, ಜೊತೆಗೆ ಕೊರಲೆಯಂಥ ಎರಡು ಸಣ್ಣ ಸಿರಿಧಾನ್ಯ. ನಾಲ್ಕೂ ಈ ಒಣಸೀಮೆಯಲ್ಲೇ ಒಗ್ಗಿದ ಬೆಳೆಗಳು. ಜೋಳ, ಸಜ್ಜೆ ಆಫ್ರಿಕಾದಿಂದ ಆಮೇಲೆ ಬಂದವು. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಪೇರಲ, ಸೀತಾಫಲ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲಿನ ನೆಂಟರು. ಇವತ್ತಿನ ಸಂತೆಯ ಬುಟ್ಟಿಗಳನ್ನು ಬಂದ ಕಾಲಕ್ಕೆ ತಕ್ಕಂತೆ ಸಾಲಾಗಿಟ್ಟರೆ ಹುರುಳಿಯವಳು ಮೊದಲು ಕೂರಬೇಕು, ಕೆಂಪು ಮೆಣಸಿನಕಾಯಿಯವನು ಕೊನೆಯವರ ಗುಂಪಿನಲ್ಲಿ.

ಕೊಡುಕೊಳ್ಳುವಿಕೆಯೂ ಅಷ್ಟೇ ಹಳೆಯದು. ಬಳ್ಳಾರಿ ಊರಿನ ಹೊರಗಿನ ಸಂಗನಕಲ್ಲು ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕರಿಕಲ್ಲನ್ನು ಒಡೆದು ಕೊಡಲಿ ಮಾಡಿದ ಚೂರುಗಳು ರಾಶಿ ರಾಶಿ ಸಿಕ್ಕಿವೆ. ಒಂದು ಹಟ್ಟಿಯ ಜನರಿಗೆ ಅಷ್ಟು ಕೊಡಲಿ ಬೇಕಿರಲಿಲ್ಲ. ಮಾಡಿದ್ದು ಬೇರೆಯವರಿಗೆ ಕೊಡಲಿಕ್ಕೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಅಲ್ಲಿಂದ ಮೂರು ಸಾವಿರ ವರ್ಷ ದಾಟಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಸಂಜೆ ಸಂತೆಯನ್ನು ವಿವರಿಸಿದ್ದಾನೆ. ಮಾಣಿಕ್ಯ, ಮುತ್ತಿನ ಬೀದಿಯನ್ನೇ ಎಲ್ಲರೂ ನೆನೆಯುತ್ತಾರೆ. ಅದೇ ಬೀದಿಯಲ್ಲಿ ಸಂಜೆಯಾದರೆ ಸಾಧಾರಣ ಕುದುರೆ, ತಟ್ಟು, ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಕಾಯಿಪಲ್ಯ, ಸೌದೆ ಮಾರುತ್ತಿದ್ದರೆಂದೂ ಅವನು ಬರೆದ. ಸಾಮಾನ್ಯ ಜನ ತಿನ್ನುವ ಕಾಳುಗಳ ಪಟ್ಟಿ ಕೊಡುವಾಗ ಹುರುಳಿಯನ್ನೂ ಬಿಟ್ಟಿಲ್ಲ. ಪಾಯೆಸ್‌ನ ಬರಹವನ್ನು ಇಂಗ್ಲಿಷಿಗೆ ತಂದು 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಸೇರಿಸಿದ ರಾಬರ್ಟ್ ಸಿವೆಲ್ ಬಳ್ಳಾರಿಯ ಕಲೆಕ್ಟರ್ ಆಗಿದ್ದವನು.

ಕಾಲುವೆ ಬಂದ ಮೇಲೆ

ಬೆಲೆಯ ಮಾಲು ಸಂತೆ ಬಿಟ್ಟು ಲಾರಿ ಹತ್ತಿದ್ದು ಯಾವಾಗ? ನೀರಾವರಿ ಇಲ್ಲಿಗೆ ಹೊಸದಲ್ಲ. ಸಿರುಗುಪ್ಪ, ದೇಶನೂರಿನ ಕಾಲುವೆಗಳು ವಿಜಯನಗರ ಕಾಲದವು, ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿ ತಿರುಗಿಸಿದವು. ಆದರೆ ಅವು ನದಿಗೆ ಹತ್ತಿರದ ಊರುಗಳಿಗಷ್ಟೇ. ಹೊಸಪೇಟೆ ಬಳಿ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಹರಿದಾಗ ಎರೆನೆಲದ ನಡುವಿಗೇ ನದಿ ಬಂತು. ಬಲದಂಡೆಯ ಕೆಳಮಟ್ಟದ ಕಾಲುವೆ ಈ ಸೀಮೆಯನ್ನು ದಾಟಿ ಕರ್ನೂಲು ಕಡೆಗೆ ಹೋಗುತ್ತದೆ.

ಯೋಜನೆ ಬರೆದವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ಅರೆನೀರಾವರಿ: ಜೋಳ, ಹತ್ತಿ, ಶೇಂಗಾಕ್ಕೆ ಒಂದೆರಡು ತೇವ. ರೈತರ ಮನಸ್ಸು ಭತ್ತದ ಕಡೆ ಹೋಯಿತು. ಕೃಷ್ಣಾ, ಗೋದಾವರಿ ಮುಖಜ ಭೂಮಿಯಿಂದ ಬಂದು ಜಮೀನು ಕೊಂಡು ನೆಲೆಸಿದ ಕುಟುಂಬಗಳು ಕೆಸರುಗದ್ದೆಯ ಬೇಸಾಯವನ್ನು ಜೊತೆಗೆ ತಂದವು. ಅವರ ನೆಲೆಗಳಿಗೆ ಇವತ್ತಿಗೂ 'ಕ್ಯಾಂಪ್' ಎಂದೇ ಹೆಸರು. ಸಿರುಗುಪ್ಪ ಅಕ್ಕಿಯ ಊರಾಯಿತು. ಸೋನಾಮಸೂರಿ ಚೀಲದ ಮೇಲೆ ಅದರ ಹೆಸರು ಬೆಂಗಳೂರಿನವರೆಗೂ ಹೋಯಿತು.

ಭತ್ತಕ್ಕೆ ಸಂತೆ ಬೇಕಿಲ್ಲ. ಗದ್ದೆಯ ಬದುವಿನಲ್ಲೇ ತೂಕ, ಅಲ್ಲೇ ದರ, ಅಲ್ಲಿಂದಲೇ ಮಿಲ್ಲು. ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟ ದಲ್ಲಾಳಿಗೆ ಮಾಲು ಮುಟ್ಟಿಸುವ ಒಪ್ಪಂದ ಬಿತ್ತುವ ಮುಂಚೆಯೇ ಆಗಿರುತ್ತದೆ. ಮೆಣಸಿನಕಾಯಿಯ ದಾರಿ ಇನ್ನೂ ಉದ್ದ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ತಾಲ್ಲೂಕಿನ ಕಣಗಳಲ್ಲಿ ಜನವರಿ–ಫೆಬ್ರುವರಿಯ ಬಿಸಿಲಿಗೆ ಹರಡಿದ ಕಾಯಿ ಒಣಗಿ, ತೊಟ್ಟು ನೋಡಿ, ಬಣ್ಣ ನೋಡಿ ಬೇರೆಯಾಗಿ, ಚೀಲ ತುಂಬಿ, ಇನ್ನೂರು ಕಿಲೋಮೀಟರಿನಾಚೆಯ ಬ್ಯಾಡಗಿಗೆ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿ ಸೋಮವಾರ, ಗುರುವಾರದ ಟೆಂಡರಿನಲ್ಲಿ ನಿಂತ ದರವೇ ಇಲ್ಲಿನ ರೈತನ ವರ್ಷದ ದರ. 2024ರ ಮಾರ್ಚ್ 11ರಂದು ಆ ದರ ಒಮ್ಮೆಲೇ ಕುಸಿದಾಗ ಮಾರುಕಟ್ಟೆಯಲ್ಲಿ ನೆರೆದ ಬೆಳೆಗಾರರ ಸಿಟ್ಟು ಎಪಿಎಂಸಿ ಕಚೇರಿಗೂ, ವಾಹನಗಳಿಗೂ ಬೆಂಕಿ ಹಚ್ಚುವ ಮಟ್ಟಕ್ಕೆ ಹೋಯಿತು.

ಸಂತೆಯ ಸೊಪ್ಪಿನಕ್ಕನಿಗೆ ಅಂಥ ಏರಿಳಿತ ಇಲ್ಲ, ಅಂಥ ದುಡ್ಡೂ ಇಲ್ಲ. ಆದರೆ ಬೆಲೆ ಹೇಳುವ ಬಾಯಿ ಅವಳದೇ. ಎಕರೆಗಟ್ಟಲೆ ಮೆಣಸಿನಕಾಯಿ ಬೆಳೆದವನಿಗೆ ಇಲ್ಲದ ಅಧಿಕಾರ ಅದು.

ಕಾಲುವೆ ನೆಚ್ಚಿದ ಬೇಸಾಯದ ಅಳ್ಳೆದೆ 2024ರ ಆಗಸ್ಟ್ 10ರ ರಾತ್ರಿ ಎಲ್ಲರಿಗೂ ಕಂಡಿತು. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ತಡೆ ಇಳಿಸುವವರೆಗೆ ತುಂಬಿದ ಅಣೆಕಟ್ಟಿನ ನೀರು ಹರಿದುಹೋಗುತ್ತಿತ್ತು. ಆ ವಾರ ಸಿರುಗುಪ್ಪದ ಚಹಾ ಅಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ಹುರುಳಿ, ಕಡ್ಲೆ, ಬಿಳಿಜೋಳಕ್ಕೆ ಮಾತ್ರ ಗೇಟಿನ ಹಂಗಿಲ್ಲ.

ಫ್ರಾನ್ಸಿನ ಒಂದು ಮಂಗಳವಾರ

ಬೆಲೆಬಾಳುವ ಮಾಲು ಬೀದಿ ಬಿಟ್ಟು ಹೋಗಲೇಬೇಕೆಂಬ ನಿಯಮವೇನಿಲ್ಲ. ಫ್ರಾನ್ಸಿನ ನೈರುತ್ಯ ಭಾಗದ ಲಾಲ್ಬಾಂಕ್ ಎಂಬ ಸಣ್ಣ ಊರಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ಮಂಗಳವಾರ ಮಧ್ಯಾಹ್ನ ಸಂತೆ ಸೇರುತ್ತದೆ. ಮಾರುವುದು ಒಂದೇ ಪದಾರ್ಥ: ಓಕ್ ಮರದ ಬೇರಿನಲ್ಲಿ, ಮಣ್ಣಿನೊಳಗೆ ಹುಟ್ಟುವ ಕಪ್ಪು ಅಣಬೆ, ಟ್ರಫಲ್. ವಾಸನೆ ಹಿಡಿಯುವಂತೆ ಪಳಗಿಸಿದ ನಾಯಿಯನ್ನು ಬಿಟ್ಟು ಹುಡುಕಿ ತೆಗೆಯಬೇಕು. ಕಿಲೋಗೆ ನೂರಾರು ಯೂರೊ ಬೆಲೆ. ರೈತರು ಉದ್ದ ಬೆಂಚಿನ ಮೇಲೆ ಬಟ್ಟೆ ಮುಚ್ಚಿದ ಸಣ್ಣ ಬುಟ್ಟಿ ಇಟ್ಟುಕೊಂಡು ಒಂದು ಕಡೆ ನಿಲ್ಲುತ್ತಾರೆ, ಕೊಳ್ಳುವವರು ಇನ್ನೊಂದು ಕಡೆ. ನಡುವೆ ಹಗ್ಗ. ಸೀಟಿ ಊದುವವರೆಗೆ ಯಾರೂ ಹಗ್ಗ ದಾಟುವಂತಿಲ್ಲ. ಊದಿದ ಮೇಲೆ ಪಿಸುಮಾತಿನಲ್ಲಿ ವ್ಯಾಪಾರ ಮುಗಿಯಲು ಹೆಚ್ಚು ಹೊತ್ತು ಬೇಡ. ಆಗ್ನೇಯ ಭಾಗದ ರಿಶರೆಂಶ್ ಎಂಬ ಊರಿನಲ್ಲಿ ಇಂಥದೇ ಸಂತೆ ಶನಿವಾರ ನಡೆಯುತ್ತದೆ. ಜನವರಿಯ ಒಂದು ಭಾನುವಾರ ಅಲ್ಲಿನ ಚರ್ಚಿನ ಪೂಜೆಯಲ್ಲಿ ಭಕ್ತರು ಕಾಣಿಕೆ ಬುಟ್ಟಿಗೆ ದುಡ್ಡಿನ ಬದಲು ಟ್ರಫಲನ್ನೇ ಹಾಕುತ್ತಾರೆ.

ಅಲ್ಲಿ ಚಳಿಗಾಲದ ಅತಿ ದುಬಾರಿ ಬೆಳೆ ಬೀದಿಯಲ್ಲೇ, ಬೆಳೆದವನ ಕೈಯಿಂದಲೇ ಕೈ ಬದಲಾಗುತ್ತದೆ. ಬೆಳೆ ಸ್ವಲ್ಪ, ಮಾರುವವರು ಸ್ವಲ್ಪ, ಮೂಸಿ ನೋಡದೆ ಯಾರೂ ಕೊಳ್ಳುವುದಿಲ್ಲ. ಇಲ್ಲಿಯ ಸೀತನಿಗೂ ಅದೇ ಗುಣಗಳಿವೆ: ಸ್ವಲ್ಪ ಕಾಲ, ಸ್ವಲ್ಪ ಮಾಲು, ಎದುರಿಗೇ ನಿಂತು ತಿನ್ನಬೇಕು. ಇಲ್ಲದಿರುವುದು ಅದನ್ನು ಹುಡುಕಿಕೊಂಡು ದೂರದಿಂದ ಬರುವ ಗಿರಾಕಿ ಮಾತ್ರ. ಹಂಪಿಗೆ ಬರುವ ಪ್ರವಾಸಿಯನ್ನು ಜನವರಿಯ ಒಂದು ದಿನ ಎರೆಹೊಲದ ಕಡೆ ತಿರುಗಿಸುವ ಯೋಚನೆ ಇನ್ನೂ ಯಾರ ನಕ್ಷೆಯಲ್ಲೂ ಬಂದಿಲ್ಲ.

ಫ್ರಾನ್ಸಿನ ಚಳಿಗಾಲದ ಬೀದಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಸ್ಟ್ರಾಸ್‌ಬರ್ಗ್‌ನ ಕ್ರಿಸ್ಮಸ್ ಸಂತೆ. 1570ರಿಂದ ನಡೆದು ಬಂದದ್ದು. ಮರದ ಗೂಡಂಗಡಿ, ಸುಟ್ಟ ಚೆಸ್ಟ್‌ನಟ್, ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಾರಸ, ಅಚ್ಚೊತ್ತಿದ ಸಿಹಿ ಬಿಸ್ಕತ್ತು. ಅಚ್ಚೊತ್ತಿದ ಸಿಹಿಯ ವಿಷಯಕ್ಕೆ ಬಂದರೆ ಬಳ್ಳಾರಿ ಸೀಮೆ ಯಾರಿಗೂ ಸೋಲುವುದಿಲ್ಲ.

ಸಕ್ಕರೆಯ ತೇರು

ಕಾರ್ತಿಕ ಮಾಸದ ಗೌರಿ ಹುಣ್ಣಿಮೆಗೆ ವಾರ ಮೊದಲೇ ಬಳ್ಳಾರಿ, ಸಿರುಗುಪ್ಪ, ಕಂಪ್ಲಿಯ ಬೀದಿಗಳಲ್ಲಿ ಸಕ್ಕರೆ ಗೊಂಬೆ ಅಂಗಡಿಗಳು ಏಳುತ್ತವೆ. ಆನೆ, ಒಂಟೆ, ನವಿಲು, ಬಸವ, ಮಂಟಪ, ತೇರು. ಬಿಳಿ, ಗುಲಾಬಿ, ಹಳದಿ. ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಇವನ್ನು ಜೋಡಿಸಿ, ದೀಪ ಹಚ್ಚಿಕೊಂಡು ಗೌರಮ್ಮನಿಗೆ ಆರತಿ ಒಯ್ಯುತ್ತಾರೆ. ಮದುವೆ ಗೊತ್ತಾದ ಹುಡುಗಿಯಿದ್ದರೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ತರುವುದು ಪದ್ಧತಿ. ಆರತಿ ಎಷ್ಟು ಕಿಲೋದ್ದು ಎಂಬುದರ ಮೇಲೆ ಬೀಗರ ಅಂತಸ್ತು ಅಳೆಯುವ ಕಣ್ಣುಗಳು ಓಣಿಯಲ್ಲಿ ಬೇಕಾದಷ್ಟು.

ಮಾಡುವುದು ನೋಡಲು ಸುಲಭ, ಕೈಗೆ ಕಷ್ಟ. ಸಕ್ಕರೆ ಪಾಕ ಕಾಯಿಸುವಾಗ ಹಾಲು ಹಾಕಿ ಮೇಲೆ ಬಂದ ಕೊಳೆ ತೆಗೆಯಬೇಕು. ಎರಡು ಹೋಳಿನ ಮರದ ಅಚ್ಚನ್ನು ನೀರಿನಲ್ಲಿ ನೆನೆಸಿಟ್ಟಿರಬೇಕು, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚುತ್ತದೆ. ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಬಿಸಿ ಪಾಕ ಹೊಯ್ದು, ಗಟ್ಟಿಯಾಗುವ ಹದ ನೋಡಿ ಬಿಚ್ಚಬೇಕು. ಬೇಗ ಬಿಚ್ಚಿದರೆ ನವಿಲಿನ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ, ತಡ ಮಾಡಿದರೆ ಕುತ್ತಿಗೆ ಮುರಿಯುತ್ತದೆ. ಅಚ್ಚುಗಳು ಮನೆತನದ ಆಸ್ತಿ. ಅಣ್ಣತಮ್ಮಂದಿರ ಪಾಲಾಗುವಾಗ ಇವೂ ಹಂಚಿಕೆಯಾಗುತ್ತವೆ.

ಹುಣ್ಣಿಮೆ ಮುಗಿದ ಮೇಲೆ ಉಳಿದ ಗೊಂಬೆ ಚೂರಾಗಿ ಮಕ್ಕಳ ಬಾಯಿಗೆ, ಚಹಾದ ಪಾತ್ರೆಗೆ. ಇನ್ನೆರಡು ತಿಂಗಳಿಗೆ ಅದೇ ಬೀದಿಯಲ್ಲಿ ಕುಸುರೆಳ್ಳು. ಅಗಲ ಬಾಣಲೆಯಲ್ಲಿ ಎಳ್ಳು ಹಾಕಿ, ಸಣ್ಣ ಉರಿಯಲ್ಲಿ ಪಾಕವನ್ನು ತುಸು ತುಸುವೇ ಚಿಮುಕಿಸುತ್ತ ಅಂಗೈಯಿಂದ ತಿರುವುತ್ತಲೇ ಇರಬೇಕು. ಮುಳ್ಳು ಏಳಬೇಕೆಂದರೆ ಗಾಳಿ ತಣ್ಣಗೆ, ಒಣಗಿರಬೇಕು. ಹಾಗಾಗಿ ಕೆಲಸ ಬೆಳಗಿನ ಜಾವಕ್ಕೇ. ಬೇಸಿಗೆಯಲ್ಲಿ ಕೇಳಿದರೂ ಮಾಡಿಕೊಡುವವರಿಲ್ಲ.

ಬಳ್ಳಾರಿಯ ಸಂಜೆ

ನಗರದಲ್ಲಿ ಸಂತೆ ವಾರಕ್ಕೊಮ್ಮೆ ಸೇರಬೇಕಿಲ್ಲ, ಸಂಜೆಗೊಮ್ಮೆ ಸೇರುತ್ತದೆ. ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ, ಕಾಳಮ್ಮ ಬೀದಿ, ತೇರುಬೀದಿಗಳ ಇಕ್ಕಟ್ಟಿನಲ್ಲಿ ತಳ್ಳುಗಾಡಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಚಳಿಗೆ ಎಣ್ಣೆ ಬಾಣಲೆಯ ಮುಂದೆ ಜನ ಹೆಚ್ಚು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಇಲ್ಲಿ ಬೆಳಗಿನ ತಿಂಡಿಯೂ ಹೌದು, ಸಂಜೆಯದೂ ಹೌದು. ಬಜ್ಜಿಯನ್ನು ಸೀಳಿ ಉಳ್ಳಾಗಡ್ಡಿ ತುಂಬಿ ನಿಂಬೆ ಹಿಂಡಿದವನ ಗಾಡಿಗೆ ಸರದಿ.

ಬಟ್ಟೆಯ ಸಾಲಿನಲ್ಲಿ ಜೀನ್ಸ್. ಬ್ರಿಟಿಷರ ದಂಡಿನ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ ಕುಟುಂಬಗಳ ಕಸುಬು ಮುಂದೆ ಡೆನಿಮ್ಮಿಗೆ ತಿರುಗಿತು. ಈಗ ಕತ್ತರಿಸುವುದು ಒಂದು ಮನೆಯಲ್ಲಿ, ಹೊಲಿಯುವುದು ಇನ್ನೊಂದರಲ್ಲಿ, ಗುಂಡಿ ಹಚ್ಚುವುದು ಮತ್ತೊಂದರಲ್ಲಿ, ತೊಳೆಯುವುದು ಊರ ಹೊರಗಿನ ಘಟಕದಲ್ಲಿ. ಒಳ್ಳೆಯ ಮಾಲು ಬೇರೆ ಬೇರೆ ಹೆಸರಿನ ಪಟ್ಟಿ ಅಂಟಿಸಿಕೊಂಡು ಹೊರರಾಜ್ಯಕ್ಕೆ ಹೋಗುತ್ತದೆ. ಹೊಲಿಗೆ ಸೊಟ್ಟಗಾದದ್ದು, ಬಣ್ಣ ಏರುಪೇರಾದದ್ದು ಬೀದಿಗೆ ಬರುತ್ತದೆ. ಭತ್ತದ ಕಥೆಯೇ ಇಲ್ಲಿಯೂ.

ಸ್ವೆಟರಿನ ವ್ಯಾಪಾರದ ದಾರಿ ತಿರುವುಮುರುವು. ರಾಜ್ಯದ ಹಲವು ನಗರಗಳಲ್ಲಿ ಚಳಿಗಾಲಕ್ಕೆ ಅಂಗಡಿ ಹೂಡುವ ಟಿಬೆಟನ್ನರು 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡದಲ್ಲಿ ನೆಲೆ ಕಂಡ ನಿರಾಶ್ರಿತರ ಮಕ್ಕಳು, ಮೊಮ್ಮಕ್ಕಳು. ಮಾಲು ಪಂಜಾಬಿನ ಲುಧಿಯಾನದ್ದು. ಬಳ್ಳಾರಿ ಸೀಮೆಯ ಕುರುಬರ ಮಗ್ಗದ ಕರಿಕಂಬಳಿ ಇದೇ ಚಳಿಗೆ ಹುಟ್ಟಿದ್ದಾದರೂ ಹೊದೆಯುವವರು ಈಗ ಕಾವಲಿನವರು, ಕುರಿಗಾಹಿಗಳು, ಮದುವೆ ಮನೆಯಲ್ಲಿ ಗದ್ದುಗೆಗೆ ಹಾಸುವವರು. ಡಿಸೆಂಬರ್ ಮೂರನೇ ವಾರ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಬಳ್ಳಾರಿ 1949ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಕೇಂದ್ರ. ಕೌಲ್ ಬಜಾರಿನ ಓಣಿಗಳಲ್ಲಿ ಆ ವಾರ ಅತ್ತರಿನ ಅಂಗಡಿಯ ಪಕ್ಕ ನಕ್ಷತ್ರದಂಗಡಿ.

ನೆಲದ ಲೆಕ್ಕ

ಬೀದಿಯಲ್ಲಿ ಕೂರುವುದಕ್ಕೆ ದುಡ್ಡು ಕೊಡಬೇಕು. ಸಂತೆಯ ಸುಂಕ ವಸೂಲಿಯನ್ನು ಸ್ಥಳೀಯ ಸಂಸ್ಥೆಗಳು ಹರಾಜು ಹಾಕುವುದು ರಾಜ್ಯದಲ್ಲಿ ವಾಡಿಕೆ. ಹರಾಜು ಹಿಡಿದವರ ಹುಡುಗ ಚೀಟಿ ಪುಸ್ತಕ ಹಿಡಿದು ಬಂದಾಗ ಬೋಣಿಯಾಗಿರಲಿ ಬಿಡಲಿ, ಜಕಾತಿ ತೆರಬೇಕು. ಬುಟ್ಟಿಗೊಂದು ದರ, ತಳ್ಳುಗಾಡಿಗೊಂದು, ಟಂಟಂಗೊಂದು. ಎರಡು ಕಟ್ಟು ಸೊಪ್ಪು ತಂದ ಮುದುಕಿಗೂ, ಬುಟ್ಟಿ ತುಂಬ ತಂದವಳಿಗೂ ಚೀಟಿ ಒಂದೇ ಎಂಬುದು ಹಳೆಯ ಜಗಳ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣದ ಜನಸಂಖ್ಯೆಯ ಶೇ 2.5ರವರೆಗಿನ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕು, ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿ ರಚಿಸಬೇಕು ಎನ್ನುತ್ತದೆ. ತಲೆಮಾರುಗಳಿಂದ ಜನ ತಾವಾಗಿ ಸೇರುತ್ತ ಬಂದ ಸಂತೆಗೆ ಅದರಲ್ಲಿ ವಿಶೇಷ ಮನ್ನಣೆಯಿದೆ. 2020ರ ಜೂನ್ 1ರಂದು ಶುರುವಾದ ಪಿಎಂ ಸ್ವನಿಧಿ ಮೊದಲ ಸಾಲ 10,000 ರೂಪಾಯಿ ಕೊಟ್ಟಿತು, 2025ರಲ್ಲಿ ಆ ಮೊತ್ತ 15,000ಕ್ಕೆ ಏರಿತು. ಅದಕ್ಕೂ ಮೊದಲು 2018ರಲ್ಲಿ ರಾಜ್ಯ ಸರ್ಕಾರದ 'ಬಡವರ ಬಂಧು' ಬಂದಿತ್ತು. ಈ ಸಾಲಗಳೆಲ್ಲ ಹೆಚ್ಚಾಗಿ ತಳ್ಳುಗಾಡಿಯವರಿಗೆ, ದಿನವೂ ಒಂದೇ ಜಾಗದಲ್ಲಿ ನಿಲ್ಲುವವರಿಗೆ ಹೊಂದುತ್ತವೆ. ವಾರಕ್ಕೊಂದು ದಿನ ಬುಟ್ಟಿ ಹೊತ್ತು ಬರುವ ಹಳ್ಳಿಯ ಹೆಂಗಸು ಪಟ್ಟಣದ ಯಾವ ಪಟ್ಟಿಯಲ್ಲೂ ಸಲೀಸಾಗಿ ಸೇರುವುದಿಲ್ಲ. ಅವಳು ರೈತಳೆಂದು ಬರೆದುಕೊಳ್ಳುವ ಕಚೇರಿಗೆ ಪಹಣಿ ಬೇಕು, ಪಹಣಿ ಇರುವುದು ಗಂಡನ ಹೆಸರಿಗೋ ಮಾವನ ಹೆಸರಿಗೋ.

ಅವಳ ವ್ಯಾಪಾರಕ್ಕೆ ನೇರವಾಗಿ ಒದಗಿದ ಬದಲಾವಣೆ ಬೇರೆ ದಿಕ್ಕಿನಿಂದ ಬಂತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ತಪ್ಪಿತು. ಮೊದಲು ಎರಡು ಗುಂಪಿ ಸೊಪ್ಪಿನ ದುಡ್ಡು ಬಸ್ಸಿಗೇ ಹೋಗುತ್ತಿತ್ತು. ಈಗ ಒಂದು ಬುಟ್ಟಿ ಹುರುಳಿಯನ್ನೋ ಬಾರಿಹಣ್ಣನ್ನೋ ಹಿಡಿದು ಪಕ್ಕದ ಊರಿನ ಸಂತೆಗೂ ಹೋಗಿ ಬರುವ ಧೈರ್ಯ ಮಾಡಬಹುದು. ಬೆಳಗಿನ ಮೊದಲ ಬಸ್ಸಿನಲ್ಲಿ ಬುಟ್ಟಿ ಎಲ್ಲಿಡಬೇಕೆಂದು ಕಂಡಕ್ಟರಿನೊಡನೆ ನಡೆಯುವ ವಾಗ್ವಾದ ಆ ಯೋಜನೆಯ ಲೆಕ್ಕಪತ್ರದಲ್ಲಿ ಸೇರದ ಭಾಗ. ಕ್ಯೂಆರ್ ಕೋಡಿನ ಹಲಗೆಯೂ ಬಂದಿದೆ. ಬಹಳ ಕಡೆ ಅದು ಮಗನ ಖಾತೆಯದು, ದುಡ್ಡು ಬಂದ ಸದ್ದು ಮಗನ ಫೋನಿನಲ್ಲಿ. ಹಾಗಾಗಿ ಚಿಲ್ಲರೆ ಕೊಡುವ ಗಿರಾಕಿಗೆ ಈಗಲೂ ಒಂದು ಹಿಡಿ ಕೊಸರು ಹೆಚ್ಚು.

ಕೇಳುವುದಾದರೆ ಅವರ ಬೇಡಿಕೆಗಳು ದೊಡ್ಡವಲ್ಲ: ನೆರಳು, ಕುಡಿಯುವ ನೀರು, ಹೆಂಗಸರು ಹೋಗಬಹುದಾದ ಒಂದು ಶೌಚಾಲಯ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಸಂಜೆವರೆಗೆ ನೀರು ಕುಡಿಯದೆ ಕೂರುವುದು ಶೌಚಾಲಯ ಇಲ್ಲದ್ದಕ್ಕೆ. ಭತ್ತಕ್ಕೆ ಗೋದಾಮು ಕೇಳುವ ಸಂಘಗಳಿವೆ, ಮೆಣಸಿನಕಾಯಿಗೆ ಶೀತಲಗೃಹ ಕೇಳುವ ಮನವಿಗಳಿವೆ. ಪುಂಡಿಪಲ್ಯಕ್ಕೆ ಸಂಘ ಕಟ್ಟಿದವರಿಲ್ಲ.

ಸಂಕ್ರಾಂತಿ ದಾಟಿದೊಡನೆ ಬುಟ್ಟಿಗಳು ಮತ್ತೆ ಬದಲಾಗುತ್ತವೆ. ಹಸಿಕಡ್ಲೆ ಒಣಗಿ ಕಾಳಾಗುತ್ತದೆ, ಹುಣಸೆಹಣ್ಣು ಇಳಿಯುತ್ತದೆ, ವರ್ಷದ ಖಾರದಪುಡಿಗೆ ಮೆಣಸಿನಕಾಯಿ ಕೊಳ್ಳುವವರು ಸಂತೆಯಲ್ಲಿ ಬೆಲೆ ಕೇಳಿ, ಬ್ಯಾಡಗಿಯ ದರ ಎಷ್ಟೆಂದು ಫೋನಿನಲ್ಲಿ ನೋಡಿ, ಮತ್ತೆ ಬಂದು ಕೇಳುತ್ತಾರೆ. ಸಕ್ಕರೆ ಅಚ್ಚಿನವರು ಅಚ್ಚುಗಳನ್ನು ತೊಳೆದೊಣಗಿಸಿ ಕಟ್ಟಿಟ್ಟು ಬತ್ತಾಸು, ಬೆಂಡು, ಖಾರದ ಸೇವಿಗೆ ಬಾಣಲೆ ಇಡುತ್ತಾರೆ. ಜಾತ್ರೆಗಳ ಸಾಲು ಶುರುವಾಗುತ್ತದೆ. ಕುರುಗೋಡಿನಲ್ಲಿ ಏಕಶಿಲೆಯ ಭಾರಿ ನಂದಿಯಿರುವ ದೊಡ್ಡಬಸವೇಶ್ವರನ ತೇರು ಮಾರ್ಚ್ ಹೊತ್ತಿಗೆ. ಅಲ್ಲಿ ತೇರುಬೀದಿಯ ಬಲಬದಿಯಲ್ಲಿ ಜಾಗ ಹಿಡಿಯಬೇಕೋ ಎಡಬದಿಯಲ್ಲೋ, ಮಂಡಕ್ಕಿ ಚೀಲ ಎಷ್ಟು ತರಿಸಬೇಕು, ಈ ಸಲ ಜಕಾತಿ ಹರಾಜು ಯಾರು ಹಿಡಿದರು ಎಂಬ ಲೆಕ್ಕಾಚಾರ ತೆಕ್ಕಲಕೋಟೆಯ ಸಂತೆಯಲ್ಲಿ ಆಗಲೇ ನಡೆಯುತ್ತಿರುತ್ತದೆ.